ಪಟ್ಟಿಯಲ್ಲಿಲ್ಲದ ಕಾರಣ

ಜಟ್ಟ ಗೌಡನಿಗೆ ಕರೆಂಟಿನ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಕಾರಣ ಕೇಳುವವರದ್ದು.

ಇಪ್ಪತ್ತು ಚಿಲ್ಲರೆ ವರ್ಷದಿಂದ ಅವನು ಕುಮಟಾ ತಾಲೂಕಿನ ಮಿರ್ಜಾನದ ಕಡೆಗೆ ಲೈನ್‌ಮ್ಯಾನ್. ಆಷಾಢದ ಜಡಿಮಳೆಯಲ್ಲಿ ಕಂಬ ಹತ್ತಿದ್ದಾನೆ, ಅಘನಾಶಿನಿ ಉಕ್ಕಿ ಗದ್ದೆಬಯಲೆಲ್ಲ ನೀರಾದಾಗ ದೋಣಿಯಲ್ಲಿ ಹೋಗಿ ತಂತಿ ಬಿಗಿದಿದ್ದಾನೆ, ಕಂಬದ ತುದಿಗೆ ಸುತ್ತಿಕೊಂಡು ಮಲಗಿದ್ದ ಹಾವನ್ನು ಕೋಲಿನಿಂದ ಇಳಿಸಿ ಕೆಲಸ ಮುಗಿಸಿದ್ದಾನೆ. ಯಾರ ಮನೆಯ ಮೀಟರು ಜಗಲಿಯ ಯಾವ ಮೂಲೆಯಲ್ಲಿದೆ, ಯಾರ ತೋಟದ ಪಂಪು ಯಾವ ಹೊತ್ತಿಗೆ ಕೂಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ರಜೆಯ ದಿನ ಹೆಂಡತಿ ಸರೋಜಾಳ ಜೊತೆ ಕೂತು ಮನೆಯ ಹಿಂದಿನ ಹೊಲದ ಈರುಳ್ಳಿಯನ್ನು ಗೊಂಚಲು ಕಟ್ಟುತ್ತಾನೆ. ಆಗಲೂ ಕಿವಿ ಮಾತ್ರ ಫೋನಿನ ಕಡೆಗೇ ಇರುತ್ತದೆ. ಕರೆಂಟು ಹೋದರೆ ಊರವರು ಬೈಯುವುದು ಅವನನ್ನು, ಬಂದರೆ ನೆನೆಯುವುದು ದೇವರನ್ನು. ಅದಕ್ಕೆಲ್ಲ ಅವನು ಬೇಸರ ಪಟ್ಟುಕೊಂಡವನಲ್ಲ.

ಬೇಸರ ಶುರುವಾದದ್ದು ಕಂಪನಿಯವರು ಅವನ ಫೋನಿಗೊಂದು ಆ್ಯಪ್ ಹಾಕಿ, ಇನ್ನು ಮುಂದೆ ಎಲ್ಲಿ ಕರೆಂಟು ಹೋದರೂ ಯಾಕೆ ಹೋಯಿತೆಂದು ಇದರಲ್ಲಿ ಒತ್ತಬೇಕು ಎಂದ ದಿನದಿಂದ.

ಒತ್ತುವುದಕ್ಕೆ ಅದರಲ್ಲಿದ್ದದ್ದು ನಾಲ್ಕೇ ಕಾರಣ, ನಾಲ್ಕೂ ಇಂಗ್ಲಿಷಿನಲ್ಲಿ. ಡ್ಯೂ ಟು ವೆದರ್. ಬಿಕಾಸ್ ಆಫ್ ಟ್ರೀ. ಓವಿಂಗ್ ಟು ಪಬ್ಲಿಕ್ ಅಬ್ಜೆಕ್ಷನ್. ಆನ್ ಅಕೌಂಟ್ ಆಫ್ ಸ್ಟಾಫ್ ನೆಗ್ಲಿಜೆನ್ಸ್. ಅಂದರೆ ಗಾಳಿಮಳೆ, ಮರ, ಊರವರ ತಕರಾರು, ನೌಕರನ ಅಸಡ್ಡೆ. 'ಇದರಿಂದಾಗಿ' ಎಂಬ ಒಂದೇ ಮಾತಿಗೆ ನಾಲ್ಕು ನಮೂನೆಯ ಅಂಗಿ ತೊಡಿಸಿದ ಮಹಾನುಭಾವ ಯಾರೋ ಗೊತ್ತಿಲ್ಲ. ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ಹೊಡೆದವನೇ ಇರಬೇಕು. ಹತ್ತನೇ ಇಯತ್ತೆ ಹೇಗೋ ದಾಟಿದ್ದ ಜಟ್ಟನಿಗೆ ಆ ನಾಲ್ಕೂ ಒಂದೇ ಊರಿಗೆ ಹೋಗುವ ಬಸ್ಸುಗಳ ಹಾಗೆ ಕಂಡವು. ಯಾವುದು ಹತ್ತಿದರೇನು, ಇಳಿಯುವುದು ಅಲ್ಲೇ ತಾನೆ ಎಂದುಕೊಂಡ. ಭಟ್ಕಳದ ಕಡೆ ಕೆಲಸ ಮಾಡುವ ಅವನ ಗೆಳೆಯ ಸುಹಾಸನಂತೂ ಫೋನಿನಲ್ಲಿ, "ಕಣ್ಮುಚ್ಚಿ ಮೊದಲ್ನೇದು ಒತ್ತು ಮಾರಾಯಾ, ಮಳೆಗಾಲ್ದಲ್ಲಿ ಯಾರು ಕೇಳ್ತ್ರು?" ಎಂದು ಧೈರ್ಯ ಹೇಳಿದ್ದ.

ಸುಹಾಸನ ಸೆಕ್ಷನ್ನಿನಲ್ಲಿ ಜಟಗನ ಗೋಳಿ ಇರಲಿಲ್ಲ.

ಮಿರ್ಜಾನದ ಹೊಳೆದಂಡೆಯಲ್ಲಿ ಒಂದು ಕೊಪ್ಪವಿದೆ. ಇಪ್ಪತ್ತೈದು ಮೂವತ್ತು ಮನೆ, ಎದುರಿಗೆ ಭತ್ತದ ಗದ್ದೆ, ಗದ್ದೆ ದಾಟಿದರೆ ರಸ್ತೆ, ರಸ್ತೆಯ ಅಂಚಿಗೆ ಜಟಗ ದೇವರ ಕಲ್ಲು. ಕಲ್ಲಿನ ಮೇಲೆ ಸೂರಿಲ್ಲ, ಸುತ್ತ ಗುಡಿಯಿಲ್ಲ. ನೆರಳಿಗೆ ದೊಡ್ಡದೊಂದು ಗೋಳಿಮರ ಮಾತ್ರ ಇದೆ. ಅದು ಜಟ್ಟನ ತಾಯಿಯ ತವರು. ಎರಡು ಮಕ್ಕಳು ಹುಟ್ಟಿ ಹೋದ ಮೇಲೆ ಆಕೆ ಆ ಕಲ್ಲಿನ ಮುಂದೆ ಸೆರಗೊಡ್ಡಿ, ಈ ಸಲ ಹುಟ್ಟಿದ್ದು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು ಹರಕೆ ಹೊತ್ತಿದ್ದಳಂತೆ. ಹಾಗೆ ಉಳಿದವನು ಜಟ್ಟ. ಅವಳ ತಮ್ಮ, ಅಂದರೆ ಜಟ್ಟನ ಸೋದರಮಾವ ಈರ ಗೌಡನೇ ಈಗಲೂ ದೇವರಿಗೆ ನೀರೆರೆದು ಹೂ ಇಡುವವನು.

ಜಟ್ಟ ಕೆಲಸಕ್ಕೆ ಸೇರುವ ಎಷ್ಟೋ ಮೊದಲು ಕೊಪ್ಪಕ್ಕೆ ಲೈನು ಎಳೆದವರು ಅದನ್ನು ಆ ಮರದ ಕೊಂಬೆಗಳ ಅಡಿಯಿಂದಲೇ ಎಳೆದಿದ್ದರು. ಆಗ ಕೊಂಬೆ ಎತ್ತರದಲ್ಲಿತ್ತು, ತಂತಿ ಕೆಳಗಿತ್ತು, ಇಬ್ಬರಿಗೂ ಜಗಳವಿರಲಿಲ್ಲ. ಮರ ಬೆಳೆಯಿತು, ಬಿಳಲು ಇಳಿಯಿತು, ಕೊಂಬೆ ಬಾಗಿತು. ಕಂಬ ಬೆಳೆಯಲಿಲ್ಲ. ಈಗ ಸಣ್ಣ ಗಾಳಿ ಬೀಸಿದರೂ ಸಾಕು, ಕೊಂಬೆ ತಂತಿಗೆ ತಾಗಿ ಚಟ್ ಎನ್ನುತ್ತದೆ, ಕೊಪ್ಪವೂ ಅದರಾಚೆಯ ಎರಡು ಕೇರಿಗಳೂ ಕತ್ತಲಾಗುತ್ತವೆ.

ಕಡಿದು ಬಿಸಾಡಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಕೇಳುವುದು ಸುಲಭ. ಜಟಗನ ಮರಕ್ಕೆ ಕತ್ತಿ ತಾಗಿಸಬೇಕಾದರೆ ಮೊದಲು ಜಟಗನನ್ನೇ ಕೇಳಬೇಕು. ಈರ ಗೌಡ ಕಲ್ಲನ್ನು ತೊಳೆದು, ಒದ್ದೆ ಕಲ್ಲಿನ ಎರಡೂ ಬದಿಗೆ ಕೇಪಳದ ಹೂವಿನ ಎಸಳು ಅಂಟಿಸುತ್ತಾನೆ. ಕೇಳುವವನು ಕೈಮುಗಿದು ನಿಂತು ತನ್ನ ಮಾತನ್ನು ಹೇಳಿಕೊಳ್ಳಬೇಕು. ಬಲಗಡೆಯ ಹೂ ಮೊದಲು ಉದುರಿದರೆ ಪ್ರಸಾದ ಆಯಿತು, ಹೌದು ಎಂದರ್ಥ. ಎಡಕ್ಕೆ ಉದುರಿದರೆ ಬೇಡ. ಮದುವೆಗೂ ಹೀಗೆಯೇ ಕೇಳುತ್ತಾರೆ, ಬಾವಿ ತೋಡುವುದಕ್ಕೂ ಹೀಗೆಯೇ. ಪ್ರತಿ ವರ್ಷ ಮಳೆಗಾಲದ ಮುಂಚೆ, ಲೈನಿಗೆ ತಾಗುವ ಗಿಡಮರ ಸವರುವ ಜಂಗಲ್ ಕಟಿಂಗ್ ಹೊತ್ತಿಗೆ, ಜಟ್ಟ ಸ್ನಾನ ಮಾಡಿ ಬಂದು ನಿಂತು ಕೇಳಿದ್ದಾನೆ, "ನಿನ್ನ ಮರದ ಕೊಂಬೆ ಕಡೀಲಾ ದೇವ್ರೇ?" ಎಂದು. ಪ್ರತಿ ವರ್ಷವೂ ಹೂ ಎಡಕ್ಕೇ ಬಿದ್ದಿದೆ. ತನ್ನದೇ ಹೆಸರಿನವನೆಂಬ ದಾಕ್ಷಿಣ್ಯವನ್ನೂ ದೇವರು ತೋರಿಸಿಲ್ಲ.

ಆ್ಯಪ್ ಬಂದ ವರ್ಷದ ಮೊದಲ ಗಾಳಿಗೆ ಲೈನು ಹೋಯಿತು. ಸರಿಮಾಡಿದ ಜಟ್ಟ ಸುಹಾಸ ಹೇಳಿದ ಹಾಗೆ ಗಾಳಿಮಳೆಯ ಕಾರಣವನ್ನೇ ಒತ್ತಿದ. ವಾರ ಕಳೆಯುವುದರೊಳಗೆ ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು. ಆ ದಿನ ಕುಮಟಾದಲ್ಲಿ ಹೇಳಿಕೊಳ್ಳುವಂಥ ಗಾಳಿಯೂ ಇರಲಿಲ್ಲ, ಮಳೆಯೂ ಇರಲಿಲ್ಲವೆಂದು ಹವಾಮಾನದವರ ಲೆಕ್ಕ ಹೇಳುತ್ತದೆ, ಸುಳ್ಳು ಕಾರಣ ಕೊಟ್ಟದ್ದು ಯಾಕೆ? ಜಟ್ಟನಿಗೆ ಒಂದು ಮೆಮೊ.

ಮುಂದಿನ ಸಲ ಹೋದಾಗ ಮರದ ಕಾರಣ ಒತ್ತಿದ. ಅದಂತೂ ಸತ್ಯಸ್ಯ ಸತ್ಯ. ಮರುವಾರ ಇನ್ನೊಂದು ಪ್ರಶ್ನೆ: ಮಳೆಗಾಲಕ್ಕೆ ಮುಂಚೆ ಜಂಗಲ್ ಕಟಿಂಗ್ ಮಾಡಿ ಮುಗಿಸಿದ್ದೇವೆಂದು ಈ ಸೆಕ್ಷನ್ನಿನಿಂದ ವರದಿ ಬಂದಿದೆ, ಹಾಗಾದರೆ ಮರ ಎಲ್ಲಿಂದ ಬಂತು? ಜಟ್ಟನಿಗೆ ಇನ್ನೊಂದು ಮೆಮೊ.

"ಸುಳ್ಳು ಹೇಳಿದ್ರೂ ಮೆಮೊ, ಖರೆ ಹೇಳಿದ್ರೂ ಮೆಮೊ. ಹಂಗಾರೆ ಬಾಯಿ ಯಾಕೆ ಕೊಟ್ಟ ದೇವ್ರು?" ಎಂದು ಅವನು ಈರುಳ್ಳಿ ಗೊಂಚಲನ್ನು ನೆಲಕ್ಕೆ ಕುಕ್ಕಿದ. ಸರೋಜಾ ಉದುರಿದ ಈರುಳ್ಳಿಯನ್ನು ಒಟ್ಟು ಮಾಡುತ್ತ, "ಸಿಟ್ಟು ಈರುಳ್ಳಿ ಮೇಲೆ ಎಂತಕೆ? ಅದ್ಯಾವ ಕಾರಣನೂ ಕೇಳಿಲ್ಲ ನಿಮ್ಮತ್ರ" ಎಂದಳು.

ಸೆಕ್ಷನ್ನಿನ ಎಂಜಿನಿಯರು ಪವಿತ್ರಾ ಮೇಡಂ ದಾವಣಗೆರೆ ಕಡೆಯವರು, ಹೊಸದಾಗಿ ಬಂದವರು. ಕೆಟ್ಟವರಲ್ಲ. ಮೇಲಿನಿಂದ ಬಂದ ಬೈಗುಳವನ್ನು ಅರ್ಧ ತಾವು ನುಂಗಿ ಅರ್ಧ ಮಾತ್ರ ಕೆಳಗೆ ಬಿಡುವಂಥವರು. ಅವರು ಜಟ್ಟನನ್ನು ಕರೆಸಿ ಕೂರಿಸಿದರು.

"ಜಟ್ಟ ಅವರೇ, ಒಂದೇ ಜಾಗದಾಗ ಎಷ್ಟು ಸಲ ರೀ? ಎರಡು ಮೆಮೊ ಆಗ್ಯಾವ. ಮೂರನೇದು ಬಂತಂದ್ರ ನಿಮ್ಮನ್ನ ಘಟ್ಟದ ಮೇಲೆ ಹಾಕ್ತಾರ. ನನ್ನ ಕೈಯಾಗ ಏನೂ ಇರಂಗಿಲ್ಲ."

"ಮೇಡಂ, ಅದು ದೇವ್ರ ಮರ. ಪ್ರಸಾದ ಆಗ್ತಿಲ್ಲ."

"ನನಗ ಗೊತ್ತಾತ್ರೀ. ಪ್ರಸಾದ ಆಗಲಿಲ್ಲ ಅಂತ ಆ್ಯಪಿನಾಗ ಹೆಂಗ ಹಾಕಲಿ? ಅದರಾಗ ಆ ಕಾರಣಾನೇ ಇಲ್ಲ." ಮೇಡಂ ತಮ್ಮ ಕಂಪ್ಯೂಟರನ್ನು ಅವನ ಕಡೆಗೆ ತಿರುಗಿಸಿದರು. "ಖರೇನ ಗಾಳಿ ಬೀಸಿದ್ರೂ ಈ ಜಾಗಕ್ಕ ವೆದರ್, ಟ್ರೀ ಇನ್ನ ನಡೆಯಂಗಿಲ್ಲ ಅಂತ ಮೇಲಿನವರು ಬರೆದಾರ. ಉಳಿದದ್ದು ಎರಡೇ. ಪಬ್ಲಿಕ್ ಅಬ್ಜೆಕ್ಷನ್ ಒತ್ತಿದ್ರ ಯಾರು ತಡೆದ್ರು ಅಂತ ಹೆಸರು ಕೊಡಬೇಕು, ಅವರ ಮೇಲೆ ಪೊಲೀಸ್ ಕಂಪ್ಲೇಂಟ್ ಆಗ್ತದ. ಆಮ್ಯಾಗ ಪೊಲೀಸರನ್ನ ನಿಲ್ಲಿಸಿ ಮರ ಕಡಿಸ್ತಾರ. ನೆಗ್ಲಿಜೆನ್ಸ್ ಒತ್ತಿದ್ರ ನಿಮ್ಮ ತಲೆಗೇ ಬರ್ತದ. ಮುಂದಿನ ಸಲ ಲೈನ್ ಹೋದ್ರ ಯೋಚನೆ ಮಾಡಿ ಒತ್ರಿ."

ಹೆಸರು ಕೊಡಬೇಕೆಂದರೆ ಯಾರ ಹೆಸರು? ಮರದ ಬುಡದಲ್ಲಿ ಹೂ ಇಟ್ಟುಕೊಂಡು ಕೂತ ಈರಮಾವನದ್ದು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿದವನನ್ನು ಪೊಲೀಸರ ಕೈಗೆ ಕೊಡಬೇಕು, ಇಲ್ಲವೆಂದರೆ ಮನೆ, ಹೆಂಡತಿ, ಹೊಲ ಬಿಟ್ಟು ಘಟ್ಟ ಹತ್ತಬೇಕು. ಅತ್ತ ದರಿ, ಇತ್ತ ಪುಲಿ. ಹೊರಗೆ ಬಂದ ಜಟ್ಟನಿಗೆ ಯಾರನ್ನಾದರೂ ಹಿಡಿದು ಬಡಿಯಬೇಕು ಎನಿಸಿತು. ಯಾರನ್ನು ಎಂದು ಮಾತ್ರ ಗೊತ್ತಾಗಲಿಲ್ಲ. ಅದು ಇನ್ನೂ ಕಷ್ಟ.

ಇಂಗ್ಲಿಷಿನ ಮಾತಲ್ಲವೇ, ಅದರೊಳಗೇ ಎಲ್ಲಾದರೂ ನುಸುಳುವುದಕ್ಕೆ ಸಂದು ಇದ್ದೀತು ಎಂದು ಅವನು ಧಾರೇಶ್ವರಕ್ಕೆ ಹೋದ. ಅಲ್ಲಿ ವಿಘ್ನೇಶ್ವರ ಭಟ್ಟರಿದ್ದಾರೆ. ಹೊನ್ನಾವರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಜಟ್ಟನಿಗೂ ಎರಡು ವರ್ಷ ಕಲಿಸಿದವರು. ಕಲಿತದ್ದು ಎಷ್ಟು ಎಂಬುದು ಬೇರೆ ಮಾತು. ಕೇಳುವ ಶಿಷ್ಯನೊಬ್ಬ ತಾನಾಗಿ ಬಂದದ್ದು ಕಂಡು ಮಾಸ್ತರರಿಗೆ ಹಬ್ಬವಾಯಿತು.

"ಬಾ ಜಟ್ಟಾ, ಕೂತ್ಕ. ಏ, ಇವಂಗೆ ಆಸ್ರಿಗೆ ಎಂತಾರೂ ತಗಂಬಾರೇ!" ಎಂದು ಒಳಗೆ ಕೂಗಿದರು. ಮುರುಗಲ ಪಾನಕ ಬಂತು.

"ಮಾಸ್ತರ್ರೇ, ಡ್ಯೂ ಟು, ಬಿಕಾಸ್ ಆಫ್, ಓವಿಂಗ್ ಟು, ಆನ್ ಅಕೌಂಟ್ ಆಫ್. ಎಲ್ಲಾ ಒಂದೇ ಅಲ್ವಾ?"

"ಒಂದೇ ಹೌದು, ಒಂದೇ ಅಲ್ಲ." ಮಾಸ್ತರರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಬಿಕಾಸ್ ಆಫ್ ಅಂದ್ರೆ ಮನೆಮಾತು, ಎಲ್ಲಿ ಬೇಕಾದ್ರೂ ನಡೀತು. ಡ್ಯೂ ಟು ನೋಟೀಸ್ ಬೋರ್ಡಿಂದು. ಈಗಿನವು ಎಲ್ಲಾ ಕಡೆ ಅದನ್ನೇ ತುರುಕ್ತ, ನಮ್ಮ ಕಾಲದಲ್ಲಿ ಹಂಗೆ ಬರೆದ್ರೆ ಕಿವಿ ಹಿಂಡ್ತಿದ್ದ. ಓವಿಂಗ್ ಟು, ಆನ್ ಅಕೌಂಟ್ ಆಫ್, ಇವೆರಡು ಕೋಟು ಹಾಕಿದ ಮಾತು, ಮನೆಯೊಳಗೆ ಆಡೂದಲ್ಲ. ಇನ್ನೊಂದಿದ್ದು, ಥ್ಯಾಂಕ್ಸ್ ಟು. ಒಳ್ಳೇದಾದಾಗ ಹೇಳಿದ್ರೆ ಉಪಕಾರಸ್ಮರಣೆ. ಕೆಟ್ಟದಾದಾಗ ಹೇಳಿದ್ರೆ ಕುಟುಕು."

"ಅದು ನಮ್ಮ ಪಟ್ಟಿಲಿ ಇಲ್ಲ."

"ಇರ್ತಿಲ್ಲೆ. ಕುಟುಕೂಕೆ ಸರ್ಕಾರದವು ಜಾಗ ಕೊಡ್ತ್ವಿಲ್ಲೆ."

ಹೀಗೆ ಮಾಸ್ತರರು ಮುಕ್ಕಾಲು ತಾಸು ಉದಾಹರಣೆ ಕೊಟ್ಟರು. ಪಂದ್ಯ ಮಳೆಯಿಂದ ನಿಂತಿತು, ದೋಣಿ ಗಾಳಿಯಿಂದ ತಡವಾಯಿತು, ಮದುವೆ ಸೂತಕದಿಂದ ಮುಂದೆ ಹೋಯಿತು. ಜಟ್ಟ ಪಾನಕದ ಲೋಟವನ್ನು ತಿರುಗಿಸುತ್ತ ಕೂತಿದ್ದ. ಆ ಪಂದ್ಯದವರಿಗೂ ದೋಣಿಯವರಿಗೂ ಯಾರೂ ಮೆಮೊ ಕೊಟ್ಟಂತೆ ಕಾಣಲಿಲ್ಲ. ಕೊನೆಗೆ ತಾಳಲಾರದೆ ಕೇಳಿದ.

"ಅದೆಲ್ಲ ಇರ್ಲಿ ಮಾಸ್ತರ್ರೇ. ಯಾವುದು ಒತ್ತಿದ್ರೆ ಯಾರಿಗೂ ತೊಂದ್ರೆ ಆಗೂದಿಲ್ಲ, ಅದೊಂದು ಹೇಳಿ."

ಮಾಸ್ತರರು ಮೊದಲು ನಕ್ಕರು. ಆಮೇಲೆ ಜಟ್ಟ ಇಡೀ ಕತೆ ಹೇಳಿದ ಮೇಲೆ ನಗಲಿಲ್ಲ. "ಅದಕ್ಕೆ ನನ್ನತ್ರ ಉತ್ತರ ಇಲ್ಲೆ ಮಾರಾಯ" ಎಂದು ಕನ್ನಡಕ ತೆಗೆದು ಒರೆಸಿದರು. "ಎಂತಾರೂ ಬರೆಯೂದಿದ್ರೆ ಬಾ. ಬರ್ಕೊಡ್ತೆ."

ಧಾರೇಶ್ವರದಿಂದ ಜಟ್ಟ ಮನೆಗೆ ಹೋಗಲಿಲ್ಲ, ಬೈಕನ್ನು ನೇರ ಕೊಪ್ಪಕ್ಕೆ ಬಿಟ್ಟ. ಸಂಜೆಯ ಬಿಸಿಲು ಇನ್ನೂ ಇತ್ತು. ಈರ ಗೌಡ ಗದ್ದೆಯ ಅಂಚು ಕಡಿದು ಸರಿಮಾಡುತ್ತಿದ್ದ. ನಾಟಿಗೆ ಇನ್ನು ಕೆಲವೇ ದಿನವಿತ್ತು.

"ಮಾವ, ಇನ್ನೊಂದು ಸಲ ಪ್ರಸಾದ ಕೇಳು."

"ಮೊನ್ನೆ ಮೊನ್ನೆ ಕೇಳಿದ್ಯಲ್ಲ. ದೇವ್ರು ಬೇಡ ಅಂದದ್ದು."

"ಹೌದು ಅನ್ನೂವರೆಗೆ ಕೇಳ್ತೆ! ಇಲ್ದಿದ್ರೆ ನಿನ್ನ ದೇವ್ರೇ ಬಂದು ಕಂಬ ಹತ್ಲಿ, ಅವನೇ ಕಾರಣ ಒತ್ಲಿ!"

ಅಷ್ಟು ಜೋರಾಗಿ ಅವನು ಮಾವನ ಮುಂದೆ ಯಾವತ್ತೂ ಮಾತಾಡಿದವನಲ್ಲ. ಆಡಿದ ಮೇಲೆ ಅಂಚಿನ ಮೇಲೆ ಕುಸಿದು ಕೂತ, ಮೆಮೊ, ಪೊಲೀಸು, ಘಟ್ಟ ಎಲ್ಲವನ್ನೂ ಹೇಳಿದ. ಈರ ಗೌಡ ಗುದ್ದಲಿಯ ಕಾವಿಗೆ ಗದ್ದ ಊರಿ ಕೇಳಿಸಿಕೊಂಡ.

"ನೀ ಪ್ರತಿ ಸಲ ಎಂತ ಕೇಳ್ತೆ? ಕೊಂಬೆ ಕಡೀಲಾ ಅಂತ. ಅವ ಬೇಡ ಅಂತ. ನೀ ಮತ್ತೆ ಅದೇ ಕೇಳ್ತೆ. ಅವಂಗೆ ಹೌದು-ಬೇಡ ಎರಡೇ ಬತ್ತದೆ ಜಟ್ಟಾ. ಕೇಳೂದು ನಾವೇ ಬೇರೆ ನಮೂನಿ ಕೇಳ್ಬೇಕು."

"ಬೇರೆ ಎಂತ ಕೇಳೂದು?"

ಈರ ಗೌಡ ಕಾಲ ಕೆಳಗಿನ ಗದ್ದೆಯನ್ನೇ ತೋರಿಸಿದ. ಮರವಿದ್ದದ್ದು ರಸ್ತೆಯಾಚೆಗೆ, ಈಚೆಗಿನ ಈ ಗದ್ದೆ ಅವನದು, ಇರುವುದೊಂದೇ ಗದ್ದೆ. "ತಂತಿ ಈ ಬದಿಂದ ಹೋದ್ರೆ ಮರ ತಾಗೂದಿಲ್ಲ. ಎರಡು ಕಂಬ ಬೀಳ್ತದೆ ನನ್ನ ಗದ್ದೆಲಿ. ಬೀಳ್ಲಿ. ಅದಕ್ಕೆ ಪ್ರಸಾದ ಆತದಾ ಕೇಳುವ."

ಇಪ್ಪತ್ತು ವರ್ಷ ಆ ಮರದಡಿಯಲ್ಲಿ ಕಂಬ ಹತ್ತಿ ಇಳಿದ ಜಟ್ಟನಿಗೆ ಇದು ಹೊಳೆದಿರಲಿಲ್ಲ. ಹೊಳೆಯದೆ ಇದ್ದದ್ದಕ್ಕೆ ಅರ್ಧ ಕಾರಣ, ಅಂಗೈಯಗಲದ ಆ ಗದ್ದೆಯಲ್ಲಿ ಕಂಬ ಹಾಕೋಣ ಎಂದು ಮಾವನನ್ನು ಕೇಳುವ ಬಾಯಿ ಅವನಿಗಿರಲಿಲ್ಲ ಎಂಬುದು. ಅವನು ಬಾವಿಕಟ್ಟೆಗೆ ಹೋಗಿ ನಾಲ್ಕು ಕೊಡ ನೀರು ಹೊಯ್ದುಕೊಂಡು ಒದ್ದೆ ಪಂಚೆಯಲ್ಲಿ ಬಂದು ನಿಂತ. ಈರ ಗೌಡ ಕಲ್ಲು ತೊಳೆದು ಎಸಳು ಅಂಟಿಸಿದ. "ನಿನ್ನ ಮರ ನಿನಗೇ ಇರ್ಲಿ. ತಂತಿನ ಆಚೆ ಒಯ್ತೆ. ಆಗಬಹುದಾ?" ಎಂದು ಜಟ್ಟ ಕೇಳಿದ.

ಬಾಯಿ ಮುಚ್ಚುವುದರೊಳಗೆ ಬಲಗಡೆಯ ಹೂ ಜಾರಿ ಬಿತ್ತು. ಆಮೇಲೆ ಅದರ ಪಕ್ಕದ್ದೂ ಬಿತ್ತು. ಜಟ್ಟ ಮಗುವಿನ ಹಾಗೆ ಅತ್ತುಬಿಟ್ಟ. ಇಷ್ಟು ವರ್ಷ ಇವನು ನನ್ನ ಮೇಲೆ ಸಿಟ್ಟಾಗಿದ್ದಾನೆ ಎಂದುಕೊಂಡಿದ್ದೆನಲ್ಲ ಎನಿಸಿತು.

ಮರುದಿನ ಪವಿತ್ರಾ ಮೇಡಂ ತಾವೇ ಬಂದು ಜಾಗ ನೋಡಿದರು. ಗದ್ದೆಯಂಚಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದು, "ಎಷ್ಟು ಸರಳ ಐತಲ್ರೀ! ಎರಡು ಕಂಬ, ಒಂದಿಷ್ಟು ವೈರು. ಜಾಗ ಕೊಡೋರೂ ಅದಾರ" ಎಂದು ಖುಷಿಪಟ್ಟರು. ಆಫೀಸಿಗೆ ಹೋಗಿ ಕಂಪ್ಯೂಟರಿನಲ್ಲಿ ಲೈನು ಸರಿಸುವ ಅರ್ಜಿ ತೆರೆದ ಮೇಲೆ ಅವರ ಮುಖ ಬಾಡಿತು. ಅಲ್ಲಿಯೂ ಕಾರಣದ ಪಟ್ಟಿ ಇತ್ತು. ಡ್ಯೂ ಟು ರಸ್ತೆ ಅಗಲೀಕರಣ. ಓವಿಂಗ್ ಟು ಕೋರ್ಟಿನ ಆದೇಶ. ಇನ್ನೊಂದು, ಯಾರೋ ತಮಗೆ ಬೇಕೆಂದು ಕೇಳಿ ಖರ್ಚನ್ನೆಲ್ಲ ತಾವೇ ಕೊಟ್ಟರೆ ಅವರ ಕೋರಿಕೆ. ಈರ ಗೌಡ ಗದ್ದೆ ಕೊಡಬಲ್ಲ, ಕಂಬದ ಖರ್ಚು ಎಲ್ಲಿಂದ ಕೊಟ್ಟಾನು?

"ಪಟ್ಟಿ ಬಿಟ್ಟು ಕಾಗದದಾಗ ಬರೆದು ಕಳಸೋಣ. ಯಾರರ ಒಬ್ಬರು ಓದ್ತಾರ" ಎಂದರು ಮೇಡಂ. ಅವರ ಮಾತಿನಲ್ಲಿ ನಂಬಿಕೆ ಅಷ್ಟಕ್ಕಷ್ಟೇ ಇತ್ತು. ಆದರೂ ಅಂದರು.

ವಿಘ್ನೇಶ್ವರ ಮಾಸ್ತರರು ಒಂದಿಡೀ ಬೆಳಿಗ್ಗೆ ಕೂತು ಬರೆದರು. ಮೊದಲು ಡ್ಯೂ ಟು ಹಾಕಿ ಹೊಡೆದು ಹಾಕಿದರು. ಓವಿಂಗ್ ಟು ಹಾಕಿದರೆ ಊರವರ ಮೇಲೆ ದೂರಿದ ಹಾಗಾಗುತ್ತದೆಂದು ಅದನ್ನೂ ತೆಗೆದರು. ಬಿಕಾಸ್ ಆಫ್ ಹಾಕಿದರೆ ಸಾಹೇಬರಿಗೆ ಬರೆಯುವ ಭಾಷೆ ಇದಲ್ಲ ಎನ್ನಿಸಿತು. ಕೊನೆಗೆ ಹೆಂಡತಿ ಒಳಗಿನಿಂದ, "ಕಾಗದ ಮುಗ್ದೋಗ್ತು ನಿಂಗಳ ಕಾರಣ ಸಿಕ್ಕೂದ್ರೊಳಗೆ!" ಎಂದು ಗದರಿದ ಮೇಲೆ ಸುಮ್ಮನೆ ನಡೆದದ್ದನ್ನು ನಡೆದ ಹಾಗೆ ಬರೆದರು. ಮರ ದೇವರದ್ದು, ಕಡಿಯಲು ಒಪ್ಪಿಗೆಯಿಲ್ಲ. ತಂತಿ ಸರಿಸಲು ದೇವರೂ ಒಪ್ಪಿದ್ದಾನೆ, ಊರೂ ಒಪ್ಪಿದೆ, ಪೂಜೆ ಮಾಡುವವನು ತನ್ನ ಗದ್ದೆಯನ್ನೇ ಕೊಡುತ್ತಾನೆ. ದಯವಿಟ್ಟು ಎರಡು ಕಂಬ ಕೊಡಿ. ಮಾಸ್ತರರ ಅಷ್ಟು ವರ್ಷದ ಇಂಗ್ಲಿಷಿನಲ್ಲಿ ಅದಕ್ಕಿಂತ ಸರಳವಾದದ್ದನ್ನು ಅವರು ಬರೆದಿರಲಿಕ್ಕಿಲ್ಲ.

ಕಾಗದ ಹೋಯಿತು. ಈರ ಗೌಡನಿಗೆ ಸರ್ಕಾರದ ಮೇಲೆ ಎಲ್ಲಿಲ್ಲದ ನಂಬಿಕೆ. ದೇವರೇ ಹೌದು ಎಂದ ಮೇಲೆ ಇನ್ನೇನು ಎಂದು ಅವನು ಜಟ್ಟನನ್ನು ಕರೆಸಿ ಎರಡು ಕಂಬದ ಜಾಗಕ್ಕೆ ಗೂಟ ಹೊಡೆಸಿಕೊಂಡ. ನಾಟಿಯ ದಿನ ಹೆಂಗಸರು ಹಾಡು ಹೇಳುತ್ತ ಸಾಲು ಹಿಡಿದು ಬರುವಾಗ, ಅಲ್ಲಿ ನಡಬೇಡಿ, ಕಂಬ ಬತ್ತದೆ ಎಂದು ತಾನೇ ಗೂಟದ ಹತ್ತಿರ ನಿಂತು ಕಾದ. ಇಡೀ ಗದ್ದೆ ಹಸಿರಾಯಿತು, ಎರಡು ಕಡೆ ಮಾತ್ರ ಎತ್ತಿನಗಾಡಿಯ ಚಕ್ರದಷ್ಟು ಜಾಗ ಬರಿ ಕೆಸರಾಗಿ ಉಳಿಯಿತು.

ಜಟ್ಟ ದಿನಾ ಮೇಡಂ ಮುಖ ನೋಡುತ್ತಿದ್ದ. ಮೇಡಂ ದಿನಾ ತಲೆ ಅಲ್ಲಾಡಿಸುತ್ತಿದ್ದರು. ಕಾಗದ ಹೊನ್ನಾವರಕ್ಕೆ ಹೋಗಿದೆ, ಅಲ್ಲಿಂದ ಮೇಲೆ ಹೋಗಿದೆ, ಒಬ್ಬರ ಮೇಜಿನಲ್ಲಿದೆ, ಇನ್ನೊಬ್ಬರು ರಜೆಯಲ್ಲಿದ್ದಾರೆ. ನಡುವೆ ಗಾಳಿ ಬೀಸಬಾರದೆಂದು ಜಟ್ಟ ಬೇಡಿಕೊಂಡ. ಲೈನ್‌ಮ್ಯಾನ್ ಆಗಿ ಗಾಳಿಗೆ ಅಷ್ಟು ಹೆದರಿದ್ದು ಅದೇ ಮೊದಲು.

ಕೊನೆಗೆ ಉತ್ತರ ಬಂತು. ಕಾಗದದ ಮೂಲೆಯಲ್ಲಿ ಯಾರದೋ ಕೈಬರಹದಲ್ಲಿ ಒಂದು ಸಾಲು: ಕಾರಣ ಪಟ್ಟಿಯಲ್ಲಿಲ್ಲ, ಸರಿಯಾದ ಕಾರಣದೊಂದಿಗೆ ಮತ್ತೆ ಸಲ್ಲಿಸಿ. ಮೇಡಂ ಅದನ್ನು ಓದಿ ಹೇಳಿ, ಮೇಜಿನ ಮೇಲಿದ್ದ ಪೆನ್ನನ್ನು ಗೋಡೆಗೆ ಎಸೆದರು. ಜಟ್ಟ ಅದನ್ನು ಎತ್ತಿ ತಂದು ಮೇಜಿನ ಮೇಲಿಟ್ಟ. ಎಸೆಯಲು ಅವನ ಹತ್ತಿರ ಅದೂ ಇರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ ನಮ್ಮ ಜನ. ಇಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿಯಂತೂ ಗದ್ದೆಯನ್ನೇ ಕೊಟ್ಟಿದ್ದ. ಗಾದೆ ಕಟ್ಟಿದವರಿಗೆ ಹೆಡ್ಡಾಫೀಸು ಗೊತ್ತಿರಲಿಲ್ಲ.

ಅದಾದ ಎರಡನೇ ದಿನ ಮಧ್ಯಾಹ್ನ ಸಮುದ್ರದ ಕಡೆಯಿಂದ ಮೋಡ ಕಪ್ಪಾಗಿ ಬಂದು ಗಾಳಿ ಹೊಡೆಯಿತು. ಗೋಳಿಯ ಕೊಂಬೆ ತಂತಿಗೆ ಬಡಿದು ಲೈನು ಹೋಯಿತು. ಜಟ್ಟ ಬಂದ, ಮಳೆಯಲ್ಲೇ ಕಂಬ ಹತ್ತಿದ, ತುಂಡಾದದ್ದನ್ನು ಕಟ್ಟಿದ, ಇಳಿದ. ಕೊಪ್ಪದ ಮನೆಗಳಲ್ಲಿ ದೀಪ ಬಂದದ್ದು ಕಂಡಿತು. ಫೋನು ಕೂಗಿತು. ಮೇಡಂ.

"ಜಟ್ಟ ಅವರೇ, ಕಾರಣ ಒತ್ರಿ. ಮೇಲಿನವರು ಕಾಯಾಕತ್ತಾರ. ನನ್ನ ಮಾತು ಕೇಳ್ರಿ, ಪಬ್ಲಿಕ್ ಅಬ್ಜೆಕ್ಷನ್ ಒತ್ತಿಬಿಡ್ರಿ. ನೀವಾದ್ರೂ ಉಳೀತೀರಿ."

ಮಳೆಗೆ ತಲೆಯ ಮೇಲಿಂದ ಗರಿಯ ಗೊರಬು ಹೊದ್ದುಕೊಂಡು ಈರ ಗೌಡ ಮರದಡಿಗೆ ಬಂದು ನಿಂತಿದ್ದ. "ಎಂತ ಆತು? ಕಾಗದಕ್ಕೆ ಮೇಲಿನವ್ರು ಎಂತ ಅಂದ್ರು?"

"ಪ್ರಸಾದ ಆಗ್ಲಿಲ್ಲ ಮಾವ."

"ಎಡಕ್ಕೆ ಬಿತ್ತಾ?"

"ಎಡಕ್ಕೂ ಬೀಳ್ಲಿಲ್ಲ, ಬಲಕ್ಕೂ ಬೀಳ್ಲಿಲ್ಲ. ಅವ್ರು ಹೂವನ್ನೇ ಅಂಟಿಸ್ಲಿಲ್ಲ." ಜಟ್ಟ ಫೋನಿನ ಮೇಲಿನ ನೀರನ್ನು ಅಂಗಿಗೆ ಒರೆಸಿದ. ಅಂಗಿಯೂ ಒದ್ದೆಯೇ. ಎಷ್ಟು ಒರೆಸಿದರೂ ನಾಲ್ಕು ಸಾಲು ಮಸುಕಾಗಿಯೇ ಕಂಡವು.

"ಫೋನಿನಲ್ಲಿ ಆಯಮ್ಮ ಹೇಳಿದ್ದು ಕೇಳ್ತು ನಂಗೆ" ಎಂದ ಈರ ಗೌಡ. "ನನ್ನ ಹೆಸ್ರು ಕೊಡು. ಈ ಮುದುಕಂಗೆ ಪೊಲೀಸ್ರು ಎಂತ ಮಾಡೂರು? ಎರಡು ದಿನ ಕೂರಿಸ್ಕಂಡ್ರೆ ಅನ್ನ ಅವ್ರೇ ಹಾಕ್ತ್ರು."

"ನಿನ್ನ ಒಯ್ದ ಮೇಲೆ ಮರ ಕಡೀತ್ರು."

ಈರ ಗೌಡ ತಲೆಯೆತ್ತಿ ಕೊಂಬೆಗಳನ್ನು ನೋಡಿದ.

ಜಟ್ಟನಿಗೆ ಸಿಟ್ಟು ಉಕ್ಕಿ ಬಂತು. ಪಟ್ಟಿ ಮಾಡಿದವನ ಮೇಲೆ, ಮೂಲೆಯಲ್ಲಿ ಗೀಚಿದವನ ಮೇಲೆ, ಮರದಡಿಯಿಂದ ಲೈನು ಎಳೆದು ಎಂದೋ ಪಿಂಚಣಿ ತಿಂದು ಸತ್ತವನ ಮೇಲೆ. ಅವರಲ್ಲಿ ಯಾರ ಹೆಸರೂ ಪಟ್ಟಿಯಲ್ಲಿರಲಿಲ್ಲ. ಅವನು ಬೆರಳನ್ನು ಕೊನೆಯ ಸಾಲಿನ ಮೇಲಿಟ್ಟು ಒತ್ತಿದ. ಒತ್ತಿ, ಫೋನನ್ನು ಕಿಸೆಗೆ ಹಾಕಿದ.

"ಎಂತ ಒತ್ತಿದೆ?"

"ನಂದೇ ಒತ್ತಿದೆ ಮಾವ. ಅಸಡ್ಡೆ ಅಂತ."

"ನಿಂದು ಎಂತ ಅಸಡ್ಡೆ? ಈ ಮಳೆಲಿ ಕಂಬ ಹತ್ತಿದವ ನೀನು!"

ಜಟ್ಟ ಹಗ್ಗ ಸುತ್ತಿ ಬೈಕಿಗೆ ಕಟ್ಟಿದ. ಎದುರಿಗೆ ಗದ್ದೆಯಲ್ಲಿ ಸಸಿ ಬೇರು ಹಿಡಿದು ನಿಂತಿದ್ದವು. ಸಸಿಯಿಲ್ಲದ ಎರಡು ಜಾಗದಲ್ಲಿ ಮಳೆನೀರು ಕಟ್ಟಿತ್ತು.

"ನಾ ಘಟ್ಟಕ್ಕೆ ಹೋದ ಮೇಲೆ ಕಂಬಕ್ಕೆ ಯಾರೂ ಓಡಾಡೂರಿಲ್ಲ. ಅಗೆಮಡಿಯಲ್ಲಿ ಸಸಿ ಮಿಕ್ಕಿದ್ರೆ ಆ ಜಾಗಕ್ಕೂ ನಟ್ಟುಬಿಡು ಮಾವ. ಸುಮ್ನೆ ಯಾಕೆ ಹಾಳು?"

ಈರ ಗೌಡ ಗೊರಬನ್ನು ಹಿಂದಕ್ಕೆ ಸರಿಸಿದ.

"ಬೇಡ" ಎಂದ. "ದೇವ್ರು ಹೌದು ಅಂದ ಜಾಗ ಅದು. ನಿನ್ನ ಮೇಲಿನವ್ರು ಹೌದು ಅನ್ನೂವರೆಗೆ ಹಂಗೇ ಇರ್ಲಿ."